ಹಸಿರು ದೀಪ ಹೇಳದ ಹೆಸರು

“ಕಾರ್ಡ್ ಸುಳ್ಳು ಹೇಳಲ್ಲ ಅಂತ ಊರಿಗೆಲ್ಲ ಸಾರಿದೋಳು ನಾನೇ ಮೇಡಂ. ಈಗ ಅದೇ ನನ್ನ ಕಳ್ಳಿ ಅಂತಿದೆ,” ಎಂದಳು ಬಿಂದುಶ್ರೀ.

ಸಾಗರದ ನಮ್ಮ ಕಾಲೇಜಿಗೆ ಬಾಗಿಲು ತೆರೆದು ಹಾಜರಿಯನ್ನೂ ಬರೆಯುವ ಕಾರ್ಡ್ ವ್ಯವಸ್ಥೆ ಕಟ್ಟಿದ ವಿದ್ಯಾರ್ಥಿನಿ ಅವಳೇ. ಹಿಂದಿನ ದಿನ ಮಧ್ಯಾಹ್ನದ ಬಿಡುವಿನಲ್ಲಿ ಲ್ಯಾಬಿನಿಂದ ಹೊಸ ಮೈಕ್ರೋಸ್ಕೋಪ್ ಕಾಣೆಯಾಗಿತ್ತು. ಆಗ ಬಾಗಿಲು ತೆರೆದದ್ದು ಅವಳ ಕಾರ್ಡಿಗೆ. ಸಂಜೆಯೊಳಗೆ ನಿರಪರಾಧಿ ಎಂದು ತೋರದಿದ್ದರೆ ಅವಳೂ ಹೊರಗೆ, ಅವಳ ಕಾರ್ಡುಗಳೂ ಗುಜರಿಗೆ.

ಭೌತಶಾಸ್ತ್ರದ ಶರಾವತಿ ಮೇಡಂ ಕ್ಯಾಂಪಸ್ಸಿನ ಕಗ್ಗಂಟುಗಳನ್ನು ಬಿಡಿಸುವವರು. ರಸಾಯನಶಾಸ್ತ್ರದ ನಾನು ಅವರ ಬಾಲ.

“ಆಗ ಎಲ್ಲಿದ್ದೆ?”

“ಲೈಬ್ರರಿಲಿ. ಕಾರ್ಡ್ ತೋರಿಸ್ದೆ, ಹಸಿರು ದೀಪ ಬಂತು, ಒಳಗೆ ಹೋದೆ. ಆದ್ರೆ ಅಲ್ಲಿನ ರೆಕಾರ್ಡಲ್ಲಿ ನನ್ನ ಹೆಸರೇ ಇಲ್ವಂತೆ.”

ಮೇಡಂ ಅವಳ ಕಾರ್ಡನ್ನು ನನ್ನದರ ಪಕ್ಕ ಇಟ್ಟರು. ಮಳೆಗಾಲದ ಥಂಡಿಗೆ ನನ್ನ ಫೋಟೋ ಸ್ಟಿಕ್ಕರಿನ ಮೂಲೆಗಳು ಎದ್ದಿದ್ದವು. ಅವಳದು ನಿನ್ನೆ ಅಂಟಿಸಿದಂತಿತ್ತು.

“ಇದು ನಿನ್ನ ಕುತ್ತಿಗೆ ಬಿಟ್ಟು ಹೋಗೋದುಂಟಾ?”

“ಇಲ್ಲ ಮೇಡಂ... ಬೆಳಿಗ್ಗೆ ಹೊಸನಗರದಲ್ಲಿ, ಸಂಜೆ ಇಲ್ಲಿ, ಬಸ್ ಹತ್ತೋವಾಗ ಕಿಟಕಿಯಿಂದ ಎಸೆದು ಸೀಟ್ ಹಿಡೀತೀನಿ. ಎಲ್ರೂ ಕರ್ಚೀಫ್ ಹಾಕ್ತಾರೆ, ನಾನು ಇದನ್ನ. ಲ್ಯಾಬಿನ ದುರ್ಗೇಶ್ ಸರ್ ಮೊದ್ಲೇ ಒಳಗಿರ್ತಾರೆ, ಕಾಯ್ದುಕೊಡ್ತಾರೆ.”

“ನಿನ್ನೆ ಸಂಜೆ?”

“ಅಮ್ಮ ಬಂದು ಆಟೋದಲ್ಲಿ ಕರ್ಕೊಂಡು ಹೋದ್ರು. ಇವತ್ತು ಬೆಳಿಗ್ಗೆನೂ ಅದರಲ್ಲೇ ತಂದುಬಿಟ್ರು.”

ಮೇಡಂ ನಕ್ಕರು. “ಏಳಿ ಮಾರಾಯ್ರೆ,” ಎಂದರು ನನಗೆ.

ಪ್ರಿನ್ಸಿಪಾಲರ ಎದುರು ಎಲ್ಲರೂ ಸೇರಿದಾಗ ದುರ್ಗೇಶ್ ಕೇಳುವ ಮೊದಲೇ ಹೇಳಿದರು: “ನಾನು ಲೈಬ್ರರಿಲಿದ್ದೆ. ರೆಕಾರ್ಡ್ ನೋಡಿ ಬೇಕಾದ್ರೆ.”

“ನೋಡಿದೆ,” ಎಂದರು ಮೇಡಂ. “ಬಿಂದು, ಈ ಬಾಗಿಲಿನ ಯಂತ್ರಕ್ಕೆ ನಿನ್ನ ಕಾರ್ಡ್ ತೋರಿಸು.”

ಹಸಿರು ದೀಪ ಹೊತ್ತಿತು. ಕಂಪ್ಯೂಟರಿನಲ್ಲಿ ಬಂದ ಹೆಸರು ದುರ್ಗೇಶ್.

“ಈಗ ನಿಮ್ಮದು, ದುರ್ಗೇಶ್.”

ಅವರ ಕೈ ಜೇಬಿನಲ್ಲೇ ಉಳಿಯಿತು. ಪ್ರಿನ್ಸಿಪಾಲರೇ ತೆಗೆಸಿ ತೋರಿಸಿದರು. ಪರದೆಯ ಮೇಲೆ ಬಿಂದುಶ್ರೀ.

“ಮುಖ ಇರೋದು ಸ್ಟಿಕ್ಕರಿನಲ್ಲಿ, ಗುರುತು ಇರೋದು ಒಳಗಿನ ಚಿಪ್ಪಿನಲ್ಲಿ,” ಎಂದು ಮೇಡಂ ವಿವರಿಸಿದರು. “ದುರ್ಗೇಶ್ ತಮ್ಮ ಕಾರ್ಡಿಗೆ ಬಿಂದುವಿನ ಫೋಟೋ ಅಂಟಿಸಿಕೊಂಡು ಬಸ್ ಹತ್ತಿದರು. ಇವಳು ನೂಕುನುಗ್ಗಲಿನಲ್ಲಿ ಒಳಗೆ ಬರುವಷ್ಟರಲ್ಲಿ ಸೀಟಿನ ಮೇಲಿದ್ದ ಕಾರ್ಡ್ ಬದಲಾಯಿತು. ಇವಳದಕ್ಕೆ ತಮ್ಮ ಫೋಟೋ ಹಚ್ಚಿ ಲ್ಯಾಬ್ ತೆರೆದರು. ಇವಳು ಲೈಬ್ರರಿಗೆ ಹೋದದ್ದು ಅವರ ಹೆಸರಿಗೆ ಬಿತ್ತು. ಸಂಜೆ ಬಸ್ಸಿನಲ್ಲಿ ವಾಪಸ್ ಬದಲಿಸುವ ಲೆಕ್ಕ. ಅಮ್ಮನ ಆಟೋ ಕೆಡಿಸಿತು. ಹೊಸ ಸ್ಟಿಕ್ಕರುಗಳೆರಡೂ ಹಾಗೇ ಉಳಿದವು.”

“ಯಾಕ್ರೀ ಹಿಂಗೆ ಮಾಡಿದ್ರಿ?” ಪ್ರಿನ್ಸಿಪಾಲರು ಕೇಳಿದರು.

“ಹನ್ನೊಂದಕ್ಕೆ ಬಂದು ಹತ್ತಕ್ಕೆ ಸಹಿ ಹಾಕೋ ಸುಖ ಈ ಹುಡುಗಿಯಿಂದ ಹೋಯ್ತು ಸರ್,” ಎಂದರು ದುರ್ಗೇಶ್, ತಲೆ ಎತ್ತದೆ. ಮೈಕ್ರೋಸ್ಕೋಪ್ ಸ್ಟೋರಿನ ಹಳೆ ಫ್ಯಾನಿನ ಡಬ್ಬದಲ್ಲಿ ಸಿಕ್ಕಿತು.

“ಕಾರ್ಡ್ ಸುಳ್ಳು ಹೇಳಿರಲಿಲ್ಲ ಬಿಂದು,” ಎಂದರು ಮೇಡಂ. “ಯಾವ ಕಾರ್ಡ್ ಬಂತು ಅಂತ ಹೇಳಿತು. ಯಾರು ಬಂದರು ಅಂತ ನಾವು ಸೇರಿಸಿಕೊಂಡೆವು.”

ಮುಂದಿನ ವಾರ ಬಿಂದು ಪ್ರತಿ ಬಾಗಿಲಿಗೂ ಪುಟ್ಟ ಪರದೆ ಕೂರಿಸಿದಳು. ದೀಪದ ಜೊತೆ ಹೆಸರೂ ಫೋಟೋವೂ ಮೂಡತೊಡಗಿದವು. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಕಂಡೆ. ಕಾರ್ಡ್ ಕುತ್ತಿಗೆಯಲ್ಲೇ ಇತ್ತು. ಕಿಟಕಿಯಿಂದ ಒಳಗೆ ಹಾರಿದ್ದು ಅವಳಮ್ಮನ ಹಳೇ ಟವೆಲ್.