ನಾಲ್ಕು ಚೀಟಿ, ಒಂದೇ ಅಂಕಿ

ಬಾಯವ್ವನ ಹೆಣ ನಡುಮನೆಯಲ್ಲಿತ್ತು. ಕಚ್ಚಿಕೊಂಡ ಹಲ್ಲಿನ ನಡುವೆ ನಾಲಿಗೆ ಸೀಳಿತ್ತು. ಎಂಟು ತಿಂಗಳ ಹೊಟ್ಟೆ ಹಾಗೇ ಎದ್ದು ನಿಂತಿತ್ತು.

ಮನೋಳಿ ಹತ್ತಿರದ ಆ ಹೊಳೆದಂಡೆಯ ಹಳ್ಳಿಗೆ ಸವದತ್ತಿಯ ಫೌಜದಾರ ನಿಜಗುಣಪ್ಪ ಬಂದಾಗ ಬೆಳಗಿನ ಒಂಬತ್ತು ಗಂಟೆ. ಅವನು ಹೊಸ್ತಿಲಲ್ಲೇ ನಿಂತ. ಅವನ ಹೆಂಡತಿ ಬಸಲಿಂಗವ್ವನಿಗೂ ಏಳು ತಿಂಗಳು.

“ಇಷ ಹಾಕ್ಯಾಳ್ರೀ ಸಾಹೇಬರ!” ಸತ್ತವಳ ಅತ್ತೆ ಶೆಟ್ಟೆವ್ವ ಎದೆ ಬಡಿದುಕೊಂಡಳು. “ಸೂಲಗಿತ್ತಿ ಕರೆವ್ವ ನಿನ್ನಿ ಕಷಾಯ ಕೊಟ್ಟು ಹೋದ್ಲು. ಇವತ್ತ ನಸಿಕಿನ್ಯಾಗ ಸೊಸಿ ಕೈಕಾಲು ಸೆಟದು, ಬಾಯಾಗ ಬುರುಗು ತಂದು ಹೋಗಿಬಿಟ್ಲು!”

ಅಂಗಳದ ಬೇವಿನ ಮರಕ್ಕೆ ಕರೆವ್ವನನ್ನು ಕಟ್ಟಿದ್ದರು. ಅರವತ್ತರ ಮುದುಕಿ. ಊರಾಚೆಯ ಕೇರಿಯವಳು. ಹಣೆ ಒಡೆದು ನೆತ್ತರು ಇಳಿದಿತ್ತು. ಹಗ್ಗ ಬಿಗಿದವರಲ್ಲಿ ಅರ್ಧ ಮಂದಿಯ ಹೊಕ್ಕಳು ಕೊಯ್ದವಳು ಅವಳೇ. ಹುಟ್ಟುವಾಗ ತಾಯಿ, ಹೆಣ ಬಿದ್ದರೆ ಮಾಟಗಾತಿ!

“ಕಷಾಯದಾಗ ಏನಿತ್ತಬೇ?” ನಿಜಗುಣಪ್ಪ ಕೇಳಿದ.

“ಜೀರಗಿ, ಬೆಲ್ಲ. ತಲಿ ಸಿಡೀತೈತಿ, ಕಣ್ಣು ಮಂಜ ಆಗ್ಯಾವ ಅಂದ್ಲು ಆ ಕೂಸು. ಮಾರಿ ಬಾತಿತ್ರೀ. ದವಾಖಾನಿಗೆ ಒಯ್ರಿ ಅಂತ ಬೇಡಕೊಂಡೆ. ಅಪಶಕುನ ನುಡೀತಿ ಅಂತ ಅಟ್ಟಿದ್ರು.”

“ಬಾತಿತ್ತಂತ!” ಶೆಟ್ಟೆವ್ವ ಕೆರಳಿದಳು. “ಬಸರಿ ಮೈ ತುಂಬಿದ್ದಕ್ಕ ಕಣ್ಣು ಹಾಕಿದಿ! ಬಾಳಕೃಷ್ಣ ಡಾಕ್ಟರು ತಿಂಗಳಿಗೊಮ್ಮೆ ನೋಡ್ಯಾರ. ಎಲ್ಲಾ ಚಲೋ ಐತಿ ಅಂತ ಬರದಾರ. ನೋಡ್ರಿ ಸಾಹೇಬರ!”

ನಾಲ್ಕು ಚೀಟಿ. ನಾಲ್ಕರಲ್ಲೂ ರಕ್ತದೊತ್ತಡ ನೂರಾ ಇಪ್ಪತ್ತು, ಎಂಬತ್ತು. ಹೆಚ್ಚಿಲ್ಲ, ಕಡಿಮೆಯಿಲ್ಲ.

ನಿಜಗುಣಪ್ಪ ಚೀಟಿಯ ಕೆಳಗಿನ ಸಹಿ ನೋಡಿದ. ತನ್ನ ಹೆಂಡತಿಯ ಚೀಟಿಗಳಲ್ಲೂ ಇದೇ ಅಂಕಿಯಿತ್ತು. ಬರೆದವನೂ ಅದೇ ಡಾಕ್ಟರು.

* * *

ಶವಪರೀಕ್ಷೆ ಮಾಡಿದ್ದು ತಾರಾಬಾಯಿ. ಹೊಸದಾಗಿ ವರ್ಗವಾಗಿ ಬಂದ ಸರಕಾರಿ ಡಾಕ್ಟರು.

“ಇಷದ ಗುರುತಿಲ್ಲ. ಇದು ಬಸರಿನ ನಂಜು. ಹಿಗ್ಗಬೇಕಾದ ರಕ್ತನಾಳ ಬಿಗೀತಾವ. ಒತ್ತಡ ಏರತದ, ಮೈ ಬಾಯತದ, ಕಡೀಕ ಸೆಳವು. ಒಂದ ದಿನದಾಗ ಆಗೂದಲ್ಲ.”

“ಮತ್ತ ಈ ಚೀಟಿ?”

ಆಕೆ ನಾಲ್ಕನ್ನೂ ತಿರುವಿ ನೋಡಿದಳು. “ಒತ್ತಡ ಅಳಿಯೂ ಪಟ್ಟಿ ಯಾರಿಗೆ ಕಟ್ಟಿದ್ರು? ಗ್ವಾಡಿಗೇನು?”

ಯಂತ್ರ ಕೆಟ್ಟಿರಬಹುದು. ನಿಜಗುಣಪ್ಪ ನೇರ ಬಾಳಕೃಷ್ಣನ ದವಾಖಾನೆಗೆ ಹೋದ. ಪೇದೆ ಪರಪ್ಪನ ತೋಳಿಗೆ ಪಟ್ಟಿ ಕಟ್ಟಿಸಿದ. ಪಾದರಸ ನೂರಾ ಐವತ್ತಕ್ಕೆ ಏರಿತು. ಬರುವ ಮೊದಲು ತಾರಾಬಾಯಿಯ ಯಂತ್ರದಲ್ಲಿ ನೋಡಿದಾಗಲೂ ಪರಪ್ಪನದು ಅಷ್ಟೇ ಇತ್ತು. ಯಂತ್ರ ಸುಳ್ಳು ಹೇಳುತ್ತಿರಲಿಲ್ಲ.

“ತೋಳಿನ ಅರಿವಿ ಮ್ಯಾಲೆ ಕಟ್ಟಿದ್ರ ನಡೀತೈತೇನ್ರಿ?”

“ಛೆ, ಲೆಕ್ಕ ತಪ್ಪತದ. ಅರಿವಿ ಸರಿಸಿ ಬರೇ ತೋಳಿಗೇ ಕಟ್ಟಬೇಕು,” ಅಂದ ಬಾಳಕೃಷ್ಣ.

“ಬಾಯವ್ವಗ?”

“ನಾಲ್ಕೂ ಸಲ ಬರೇ ತೋಳಿಗೇ ಕಟ್ಟೇನಿ.”

“ಜೀಪ್ ಹತ್ರಿ,” ಅಂದ ಫೌಜದಾರ.

* * *

ಊರು ಚಾವಡಿಯಲ್ಲಿ ನೆರೆದಿತ್ತು. ಕೆಲವರ ಕೈಯಲ್ಲಿ ಬಡಿಗೆ. ಕರೆವ್ವನನ್ನೂ ಮರದಿಂದ ಬಿಚ್ಚಿ ತಂದು ಚಾವಡಿಯ ಕಂಬಕ್ಕೆ ಕಟ್ಟಿದ್ದರು.

“ಶೆಟ್ಟೆವ್ವಾ, ಡಾಕ್ಟರು ನೋಡೂವಾಗ ನಿನ್ನ ಸೊಸಿ ಕುಪ್ಪಸ ಬಿಚ್ಚಿದ್ಲೇನು?”

“ನಾಲಿಗಿ ಹಿಡದ ಮಾತಾಡ್ರಿ! ನಮ್ಮ ಮನಿ ಹೆಣ್ಮಕ್ಕಳು ಪರಗಂಡಸಿಗೆ ತೋಳು ತೋರಸೂದಿಲ್ಲ. ನಾನ ಮಗ್ಗಲಕ ಕುಂತಿದ್ದೆ. ಮುಂಗೈ ನಾಡಿ ನೋಡಿದ್ರು, ಬರದ್ರು. ಮರ್ಯಾದಸ್ತ ಡಾಕ್ಟರು!”

ಪರಪ್ಪ ಬಾಳಕೃಷ್ಣನ ಹಿಂದೆ ಬಂದು ನಿಂತ.

“ಖಣದ ಕುಪ್ಪಸ. ಮೊಣಕೈತನಕ ಬಿಗಿ ತೋಳು,” ನಿಜಗುಣಪ್ಪ ಮೆಲ್ಲಗೆ ಹೇಳಿದ. “ಮ್ಯಾಲಕ ಸರಿಯೂದಿಲ್ಲ. ಬಿಚ್ಚಲಾರದ ಬರೇ ತೋಳಿಗೆ ಪಟ್ಟಿ ಹೆಂಗ ಕಟ್ಟಿದ್ರಿ ಡಾಕ್ಟರ? ಕಟ್ಟಿಲ್ಲ. ಅಂಕಿ ಮನಸಿನಿಂದ ಬರದ್ರಿ. ಚೀಟಿ ಚಲೋ ಅಂದಿದ್ದಕ್ಕ ಈ ಮನಿಯವ್ರು ಕರೆವ್ವನ ಮಾತು ಕೇಳಲಿಲ್ಲ.”

ನಿಜಗುಣಪ್ಪ ಬಾಳಕೃಷ್ಣನತ್ತ ಒಂದು ಹೆಜ್ಜೆ ಇಟ್ಟ.

“ಕರೆವ್ವನ ಕೈಲೆ ಕಟ್ಟಿಸಬಹುದಿತ್ತಲ್ಲ?”

“ಆಕೀ ಮುಟ್ಟಿದ ಪಟ್ಟಿ ಮತ್ತ ನಾ ಹೆಂಗ ಮುಟ್ಟಲಿ?” ಮಾತು ಬಾಯಿಂದ ಜಾರಿಬಿಟ್ಟಿತು. ಪರಪ್ಪ ರಟ್ಟೆ ಹಿಡಿದಾಗ ಆತ ಚೀರಿದ: “ನಾನೊಬ್ಬನ ಏನು? ಪಟ್ಟಿ ತಗದ್ರ ಅತ್ತಿ ಕಣ್ಣು ಕೆಂಪು. ಗಂಡ ಬಾಗಿಲಾಗ. ಫೌಜದಾರರ, ನಿಮ್ಮ ಮನಿ ಬಾಗಿಲಾಗ ನಿಂತು ‘ದೂರಿಂದ ನೋಡ್ರಿ’ ಅಂದವ್ರು ಯಾರು?”

ನಿಜಗುಣಪ್ಪ ಕಂಬದತ್ತ ನಡೆದ. ಕರೆವ್ವನ ಹಗ್ಗ ಬಿಚ್ಚಿದ.

“ಬೇ, ನನ್ನ ಹೆಂಡ್ತೀನ ಒಮ್ಮೆ ನೋಡ್ತಿಯೇನು?”

ಮುದುಕಿ ಅವನನ್ನು ದಿಟ್ಟಿಸಿದಳು. “ನಡಿ. ಅಕಿ ಏನ ಮಾಡ್ಯಾಳ ಪಾಪ!”

* * *

ಕರೆವ್ವ ಬಸಲಿಂಗವ್ವನ ಪಾದ ಒತ್ತಿದಳು. ಬೆರಳಿನ ಕುಳಿ ಹಾಗೇ ಉಳಿಯಿತು. ಆಕೆಯನ್ನು ಎಬ್ಬಿಸಿ ಜೀಪಿಗೆ ಹತ್ತಿಸಿದಳು.

ಸರಕಾರಿ ದವಾಖಾನೆಯಲ್ಲಿ ತಾರಾಬಾಯಿ ಆಕೆಯನ್ನು ಎಡಮಗ್ಗಲಿಗೆ ಮಲಗಿಸಿ ಒತ್ತಡ ಅಳೆದಳು. ಕೆಳಗಿನ ಅಂಕಿ ಎಂಬತ್ತು. ಅಂಗಾತ ಹೊರಳಿಸಿ ಮತ್ತೆ ಅಳೆದಳು. ನೂರಾ ನಾಲ್ಕು.

“ಹೊಸಾ ಪರೀಕ್ಷಾ ಇದು. ಹೊರಳಿದ ಕೂಡಲೆ ಇಪ್ಪತ್ತರ ಮ್ಯಾಲೆ ಏರಿದ್ರ ನಂಜು ಹೊಂಚು ಹಾಕಿ ಕುಂತದ ಅಂತ. ಇಲ್ಲೇ ಇರಲಿ. ಹಾಸಗಿ ಬಿಡೂಹಂಗಿಲ್ಲ.”

“ಉಳೀತಾಳೇನ್ರಿ?” ನಿಜಗುಣಪ್ಪ ಬಾಗಿಲಾಚೆಯಿಂದ ಕೇಳಿದ.

“ವಚನಾ ಕೊಡೂದಿಲ್ಲ. ದಿನಾ ಎರಡು ಸಲ ಅಳೀಬೇಕು. ಹೊರಗ ಯಾಕ ನಿಂತೀರಿ? ಒಳಗ ಬರ್ರಿ, ಕಲೀರಿ.”

ನಿಜಗುಣಪ್ಪ ಹೆಂಡತಿಯ ತೋಳಿಗೆ ಪಟ್ಟಿ ಸುತ್ತಿದ. ರಬ್ಬರಿನ ಉಂಡೆ ಒತ್ತಿದ. ಪಾದರಸ ಏರತೊಡಗಿತು. ಅವನು ಅಂಕಿಗಳನ್ನು ನೋಡುತ್ತಲೇ ಇದ್ದ.