ಫಾರ್ಮಿನಲ್ಲಿದ್ದ ಮಗಳು

ಆಸ್ಪತ್ರೆಯ ಮಹಿಳಾ ವಾರ್ಡಿನ ನರ್ಸು ರಸ್ತೆಯಾಚೆಯ ಕಲ್ಯಾಣ ಇಲಾಖೆಗೆ ನುಗ್ಗಿದಾಗ ಸಿಟ್ಟಿಗೆ ಅವಳ ಮೂಗಿನ ತುದಿ ಕೆಂಪಾಗಿತ್ತು.

"ಹನ್ನೊಂದನೇ ಬೆಡ್ಡಿನ ಅಜ್ಜಿಗೆ ಮನೆ ಸಹಾಯಕಿ ಬೇಡ ಅಂತ ಬರೆದ ಪುಣ್ಯಾತ್ಮ ಯಾರ್ರೀ?"

"ನಾನೇ ಮೇಡಂ. ಕೂತ್ಕೊಳ್ಳಿ," ಎಂದು ಗುಮಾಸ್ತನೊಬ್ಬ ಎದ್ದುನಿಂತ.

ದನಿಯಿಂದಲೇ ಗುರುತು ಸಿಕ್ಕಿತು. ಆರು ತಿಂಗಳಿಂದ ರೋಗಿಗಳ ಫಾರ್ಮುಗಳ ವಿಷಯಕ್ಕೆ ಫೋನಿನಲ್ಲಿ ಅವಳ ಜೊತೆ ಜಗಳ ಆಡುತ್ತಿದ್ದವನು ಇವನೇ. ಮುಖ ನೋಡಿದ್ದು ಮಾತ್ರ ಇವತ್ತೇ. ಹಾಳಾದವನ ಕಣ್ಣು ಇಷ್ಟು ಚೆನ್ನಾಗಿರಬಾರದಿತ್ತು, ಬೈಯಲು ತೊಡಕು.

"ಕೂರೋಕೆ ಬಂದಿಲ್ಲ! ಸೊಂಟ ಮುರಿದಿರೋ ಮುದಿ ಜೀವ. ನಾಳೆ ಡಿಸ್ಚಾರ್ಜ್. ಒಬ್ಬರೇ ಇರೋ ಮನೇಲಿ ನೀರು ಕುಡಿಯೋಕೂ ಏಳೋಕಾಗಲ್ಲ. ಕರುಳು ಅನ್ನೋದು ಇದೆಯಾ ನಿಮಗೆ?"

"ನಿಮ್ಮ ಆಸ್ಪತ್ರೆಯಿಂದ ಬಂದಿರೋದು ನೋಡಿ," ಎಂದು ಪರದೆ ತಿರುಗಿಸಿದ. ನೋಡಿಕೊಳ್ಳುವವರು: ಮಗಳು. "ಮಗಳಿದ್ರೆ ಸಹಾಯಕಿ ಇಲ್ಲ, ರೂಲ್ಸು. ಅನುಮಾನ ಬಂದು ಎರಡು ಸಲ ವಿವರ ಕೇಳಿದೆ. ರೋಗಿ ಮಾಹಿತಿ ಗುಟ್ಟು, ಕೊಡಲ್ಲ ಅಂದ್ರು ನಿಮ್ಮವರು."

ನರ್ಸಿಗೆ ಥಟ್ಟನೆ ಹೊಳೆಯಿತು. ಅಜ್ಜಿ ಅವಳನ್ನು ಬಾಯಿತುಂಬ ಕರೆಯುತ್ತಿದ್ದುದು 'ಮಗಳೇ' ಎಂದೇ. ಯಾರು ನೋಡ್ಕೋತಾರೆ ಎಂದು ಫಾರ್ಮ್ ತುಂಬುವವರು ಕೇಳಿದಾಗಲೂ ಹೆಮ್ಮೆಯಿಂದ ಅದನ್ನೇ ಹೇಳಿರಬೇಕು.

"ಆ ಮಗಳು ನಾನು ಕಣ್ರೀ." ಅವಳು ಮೇಜು ಕುಟ್ಟಿದಳು. "ಪ್ರೀತಿಯಿಂದ ಕರೆದ ಮಾತು ಅವರ ಅನ್ನಕ್ಕೇ ಕಲ್ಲು ಹಾಕ್ತಲ್ಲ! ನಮ್ಮವರು ಬಾಯಿ ಬಿಡಲ್ಲ, ನೀವು ಎದ್ದು ಬಂದು ಕೇಳಲ್ಲ. ಮಧ್ಯೆ ಸಾಯೋದು ಅಜ್ಜಿ!"

ಅವನ ಮುಖ ಸಣ್ಣಗಾಯಿತು. "ತಪ್ಪಾಯ್ತು. ನಡೀರಿ, ಅಜ್ಜಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ರೆ ಆಸ್ಪತ್ರೆಯವರು ವಿವರ ಕೊಡಲೇಬೇಕು. ಆದೇಶಕ್ಕೆ ಸಹಿ ಹಾಕೋ ಸಾಹೇಬರು ಐದಕ್ಕೆ ಹೊರಟುಬಿಡ್ತಾರೆ."

ವಾರ್ಡಿನಲ್ಲಿ ಹಾಸಿಗೆಯ ಪಕ್ಕ ಮಂಡಿಯೂರಿ ಅವನು ಒಂದೊಂದು ಸಾಲನ್ನೂ ಅಜ್ಜಿಗೆ ಓದಿ ಹೇಳಿದ. ಅಜ್ಜಿ ಸಹಿ ಹಾಕಿ, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಯಾರೇ ಮಗಳೇ ಇವನು?"

"ಜಗಳಗಂಟ!"

ಅವನು ತಲೆ ತಗ್ಗಿಸಿ ನಕ್ಕ. ಆ ನಗು ಅವಳಿಗೆ ಹಿಡಿಸಿತು, ಅದಕ್ಕೂ ಸಿಟ್ಟು ಬಂತು.

ಐದಕ್ಕೆ ಹತ್ತು ನಿಮಿಷವಿರುವಾಗ ಆದೇಶ ಕೈಗೆ ಬಂತು: ನಾಳೆ ಬೆಳಗ್ಗೆಯಿಂದಲೇ ಸಹಾಯಕಿ. ಇಲಾಖೆಯ ಮೆಟ್ಟಿಲ ಮೇಲೆ ಅದನ್ನು ಅವಳಿಗೆ ಕೊಡುತ್ತಾ ಅವನು ತಡವರಿಸಿದ.

"ನಿಮ್ಮ ಬೈಗುಳ ಕೇಳದಿದ್ರೆ ನನಗೆ ದಿನ ಹೋಗಲ್ಲ. ನೀವಂದ್ರೆ ಇಷ್ಟ ನನಗೆ."

ಅವಳು ಕಾಗದವನ್ನು ಎರಡು ಸಲ ಓದಿದಳು. ಒಂದಕ್ಷರವೂ ತಲೆಗೆ ಹತ್ತಲಿಲ್ಲ.

"ನಮ್ಮ ವಾರ್ಡಿನ ಇನ್ನೂ ಆರು ಜನರ ಫಾರ್ಮು ನಿಮ್ಮಲ್ಲಿ ಕೊಳೀತಿದೆ. ಮೊದಲು ಬಂದು ಅವರನ್ನು ಕೇಳಿ."

"ಆಮೇಲೆ?"

"ಆಮೇಲೇನು ಆಮೇಲೆ! ನಂಗೂ ಇಷ್ಟಾನೇ. ಆದ್ರೆ ಸಿಟ್ಟಿನ್ನೂ ಇಳಿದಿಲ್ಲ, ತಿಳೀತಾ?"

ತಿಳಿಯಿತು ಎಂದು ತಲೆಯಾಡಿಸಿ ಅವನು ಅವಳ ಜೊತೆ ವಾರ್ಡಿನ ಕಡೆಗೆ ನಡೆದ.