ಬೋಳು ಗೋಡೆ

"ಗೋಡೆ ಮೇಲಿದ್ದ ಕುಳ್ಳು ಎಲ್ಲಿ?!"

ಪಂಕಜಾಕ್ಷಿಯ ದನಿಗೆ ಕಾರ್ ಶೆಡ್ಡಿನ ತಗಡೇ ಅದುರಿತು. ಲಿಂಗದಹಳ್ಳಿಯ ಬಸ್ಸಿಳಿದು ಬಂದವಳು ಕೈಯಲ್ಲಿದ್ದ ಬ್ಯಾಗನ್ನೂ ಕೆಳಗಿಟ್ಟಿರಲಿಲ್ಲ.

ಅಂಬಾಸಿಡರ್ ಕಾರಿನ ಅಡಿಯಿಂದ ಮೊದಲು ಎರಡು ಕಾಲು ಹೊರಬಂದವು. ಆಮೇಲೆ ಗ್ರೀಸ್ ಮೆತ್ತಿದ ಅಂಗಿ. ಕೊನೆಗೆ ಒಂದು ಮುಖ... ಗಾಬರಿಯಾದ, ಆದರೂ ನೋಡುವಂತಿದ್ದ ಮುಖ.

"ಯಾರ್ರೀ ನೀವು?"

"ಈರಭದ್ರ. ಹೊಸ ಡ್ರೈವರ್ರು, ಕಡೂರಿನೋನು. ನೀವು ಯಜಮಾನ್ರ ಮಗಳಲ್ವಾ?"

"ನಾನ್ಯಾರು ಅನ್ನೋದು ಆಮೇಲೆ. ಕುಳ್ಳು ಎಲ್ಲಿ ಹೇಳ್ರೀ!"

ಅದು ಎಂಬತ್ತೆರಡನೇ ಇಸವಿ. ಯುಗಾದಿ ಆಗಷ್ಟೇ ಕಳೆದಿತ್ತು. ಚಿಕ್ಕಮ್ಮ ಅಂಬಮ್ಮನ ಮಗಳ ಬಾಣಂತನಕ್ಕೆಂದು ಪಂಕಜಾಕ್ಷಿ ಊರು ಬಿಟ್ಟಾಗ, ತರೀಕೆರೆಯ ಅವರ ಮನೆ ಪಕ್ಕದ ಈ ಶೆಡ್ಡಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಹಳೇ ಟೈರು, ಮುರಿದ ಕುರ್ಚಿ, ಗೋಣಿಚೀಲ, ಹಾಸಿಗೆ ಸುರುಳಿ... ಇವುಗಳ ನಡುವೆ ಅಪ್ಪ ರೇವಣಪ್ಪ ತನ್ನ ಬಾಡಿಗೆ ಕಾರನ್ನು ತೂರಿಸುವುದೇ ಒಂದು ಸಾಹಸವಾಗಿತ್ತು. ಮಂಡಿನೋವು ಹೆಚ್ಚಾಗಿ ಅವನು ಡ್ರೈವರ್ ಇಟ್ಟುಕೊಂಡಿದ್ದ.

ಬಂದವನು ಶೆಡ್ಡಿನ ಚಹರೆಯನ್ನೇ ಬದಲಿಸಿದ್ದ! ಗುಲಾಮ್ ಮೊಹಿದ್ದೀನ್ ಸಾಹೇಬರ ಗುಜರಿಯಲ್ಲಿ ಬಿಟ್ಟಿ ಸಿಕ್ಕ ಪೆಟ್ಟಿಗೆ ಹಲಗೆಗಳು ಗೋಡೆಗೇರಿದ್ದವು. ಸಾಲಾಗಿ ಇಟ್ಟ ಡಾಲ್ಡಾ ಡಬ್ಬಗಳಲ್ಲಿ ನಟ್ಟು ಬೋಲ್ಟುಗಳು ಬೇರೆಬೇರೆಯಾಗಿ ಕೂತಿದ್ದವು. ಹಳೇ ಟ್ಯೂಬಿನ ಪಟ್ಟಿಗಳಲ್ಲಿ ಸ್ಪ್ಯಾನರುಗಳು ಸಿಕ್ಕಿಕೊಂಡಿದ್ದವು. ತೊಲೆಗಳಿಗೆ ಅಡ್ಡಲಾಗಿ ಮಲಗಿಸಿದ ಮುರುಕು ಏಣಿಯ ಮೇಲೆ ಗೋಣಿಚೀಲವೂ ಹಾಸಿಗೆಯೂ ಹಾಯಾಗಿದ್ದವು.

"ನೋಡವ್ವಾ, ಮೊಳೆ ಬಿಟ್ರೆ ಒಂದು ಕಾಸು ಖರ್ಚಿಲ್ಲ!" ಎಂದು ಜಗಲಿಯಿಂದ ಅಪ್ಪ ಬೀಗಿದ.

ಪಂಕಜಾಕ್ಷಿಗೆ ಅದೊಂದೂ ಕಾಣಲಿಲ್ಲ. ಅವಳ ಕಣ್ಣು ಸಗಣಿ ಕುಳ್ಳುಗಳಿಲ್ಲದೆ ಬೋಳಾಗಿ ನಿಂತ ಹಿಂದಿನ ಗೋಡೆಯ ಮೇಲಿತ್ತು.

"ಆ ಕುಳ್ಳಾ?" ಈರಭದ್ರ ತಲೆ ಕೆರೆದುಕೊಂಡ. "ಚೆನ್ನಾಗಿ ಒಣಗಿದ್ವು. ಅಲ್ಲೂ ಹಲಗೆ ಹೊಡ್ಯೋಣ ಅಂತ ಕಿತ್ತು, ಹಂಡೆ ಒಲೆಗೆ ಹಾಕ್ದೆ."



ಮರುಕ್ಷಣ ಕೈಗೆ ಸಿಕ್ಕ ಡಾಲ್ಡಾ ಡಬ್ಬ ಹಾರಿ ಬಂತು! ನಟ್ಟುಗಳೆಲ್ಲ ನೆಲದ ಪಾಲಾದವು.

"ಅದ್ರೊಳಗೆ ಬೀಜ ಇತ್ತು ಕಣೋ! ಸೌತೆ ಬೀಜ! ನಮ್ಮವ್ವ ತನ್ನ ಕೈಯಾರೆ ತಟ್ಟಿದ್ದು! ಊರಲ್ಲಿ ಎಲ್ರೂ ಸೌತೆಕಾಯಿ ತುದಿ ಕೊಯ್ದು ಉಜ್ಜಿ ಕಹಿ ತೆಗೀತಾರೆ. ನಮ್ಮವ್ವನ ಕಾಯಿಗೆ ಉಜ್ಜೋದೇ ಬೇಕಿರ್ಲಿಲ್ಲ! ಇನ್ನೆಲ್ಲಿಂದ ತರ್ಲಿ? ಹೇಳೋ!"

ನಟ್ಟು ಆಯಲು ಬಗ್ಗಿದ್ದ ಈರಭದ್ರ ಕೈಯಲ್ಲಿದ್ದವನ್ನೂ ಕೆಳಗೆ ಬಿಟ್ಟ. ಬಸ್‌ಸ್ಟ್ಯಾಂಡ್ ಹಿಂದಿನ ಒಂದು ಕೋಣೆಯಲ್ಲಿ ಬೆಳೆದವನು ಅವನು. ಹಿತ್ತಿಲೆಂಬುದನ್ನೇ ಕಂಡವನಲ್ಲ. ಸಗಣಿಯೊಳಗೆ ಬೀಜ ಒತ್ತಿ, ಹುಳ ಮುಟ್ಟದಂತೆ ಗೋಡೆಗೆ ತಟ್ಟಿ ಮುಂದಿನ ಮಳೆಗಾಲಕ್ಕೆ ಕಾಯ್ದಿಡುತ್ತಾರೆಂದು ಅವನಿಗೆ ಹೇಳಿದವರಾರು?

"ನಂಗೆ ಗೊತ್ತಿರ್ಲಿಲ್ಲ ಕಣ್ರೀ..."

"ಗೊತ್ತಿಲ್ದಿದ್ರೆ ಬಾಯಿಬಿಟ್ಟು ಕೇಳಬೇಕು! ಅಪ್ಪಾ, ನೀನೂ ಆ ನೀರಲ್ಲೇ ಸ್ನಾನ ಮಾಡ್ದೆ ಅಲ್ವಾ?"

ರೇವಣಪ್ಪ ತಲೆ ತಗ್ಗಿಸಿದ. ಬೀಜದ ವಿಚಾರವೆಲ್ಲ ಹೆಂಡತಿ ಕಾಂತಮ್ಮನದು. ಅವನು ಆ ಕಡೆ ಎಂದೂ ತಲೆ ಹಾಕಿದವನಲ್ಲ.

ಕಾಂತಮ್ಮ ಆ ಕುಳ್ಳುಗಳನ್ನು ತಟ್ಟಿದ್ದು ಹೋದ ಬೇಸಿಗೆಯಲ್ಲಿ. ಮಳೆ ಹಿಡಿಯುವ ಮೊದಲೇ ಅವಳು ತೀರಿಕೊಂಡಳು. ಒಂದೊಂದು ಕುಳ್ಳಿನ ಮೇಲೂ ಅವಳ ಬೆರಳುಗಳು ಮೂಡಿದ್ದವು. ಬಿತ್ತಬೇಕೆಂದರೆ ಒಡೆಯಬೇಕಿತ್ತು... ಒಡೆಯಲು ಪಂಕಜಾಕ್ಷಿಗೆ ಕೈ ಬಂದಿರಲಿಲ್ಲ. ಬೀದಿಯವರೂ ವರ್ಷವರ್ಷ ಕಾಂತಮ್ಮನನ್ನೇ ಕೇಳಿ ಒಯ್ಯುತ್ತಿದ್ದರೇ ಹೊರತು ಯಾರೂ ಬೀಜ ಎತ್ತಿಟ್ಟವರಲ್ಲ.

'ನಾನೇ ಬಿತ್ತಿದ್ದರೆ ಉಳಿಯುತ್ತಿತ್ತು' ಎಂಬ ಮಾತು ಒಳಗೆ ಚುಚ್ಚುತ್ತಿತ್ತು. ತನ್ನ ಮೇಲಿನ ಸಿಟ್ಟನ್ನು ತಾನೇ ನುಂಗುವುದು ಸುಲಭವೇ? ಎದುರಿಗೆ ಒಬ್ಬ ಸಿಕ್ಕಿದ್ದನಲ್ಲ!

ಅಂದಿನಿಂದ ಯುದ್ಧವೇ ಶುರುವಾಯಿತು. ಅವನು ಜೋಡಿಸಿದ್ದನ್ನು ಇವಳು ಕೆದರುವಳು. ಸ್ಪ್ಯಾನರುಗಳನ್ನು ಒಂದೇ ಗೋಣಿಗೆ ಸುರಿಯುವಳು. ಅವನು ತುಟಿಪಿಟಕ್ಕೆನ್ನದೆ ಮತ್ತೆ ಜೋಡಿಸುವನು. ಆ ಮೌನಕ್ಕೆ ಅವಳ ಸಿಟ್ಟು ಇನ್ನಷ್ಟು ನೆತ್ತಿಗೇರುವುದು.

"ಒಂದು ಮಾತು ಬೈಯಬಾರ್ದಾ ನೀವು?" ಎಂದು ಒಮ್ಮೆ ಅವಳೇ ಕಿರುಚಿದಳು.

"ಬೈಸ್ಕೊಳ್ಳೋ ಕೆಲ್ಸ ಮಾಡಿರೋನು ನಾನು," ಎಂದ ಅವನು, ಕಣ್ಣೆತ್ತದೆ.

ಆ ಮಾತು ಯಾಕೋ ಅವಳನ್ನು ಮಲಗಲು ಬಿಡಲಿಲ್ಲ. ಅಡುಗೆಮನೆ ಕಿಟಕಿಯಿಂದ ಕಾರಿನ ಸದ್ದಿಗೆ ಕಿವಿಗೊಡುವುದು ಅವಳಿಗೇ ತಿಳಿಯದಂತೆ ಅಭ್ಯಾಸವಾಯಿತು. ಅದಕ್ಕೂ ಸಿಟ್ಟು ಬಂತು!

ಹೀಗಿರುವಾಗ ಎದುರುಮನೆ ಲಿಂಗಮ್ಮ ಉರಿಯುವ ಬೆಂಕಿಗೆ ತುಪ್ಪ ಸುರಿದಳು.

"ನಿಮ್ ಡ್ರೈವರ್ರು ಚೌಳಹಿರಿಯೂರಲ್ಲಿ ಒಂದು ಮನೆಗೆ ಪದೇಪದೇ ಹೋಗ್ತಾನಂತೆ ಕಣೇ. ನಮ್ಮಣ್ಣನೇ ನೋಡಿದಾನೆ. ಹಿತ್ಲಲ್ಲಿ ಕೂತು ನಗ್ತಾ ಮಾತಾಡ್ತಾನಂತೆ!"

ಸಂಜೆ ಕಾರು ಶೆಡ್ಡು ಸೇರುವುದನ್ನೇ ಪಂಕಜಾಕ್ಷಿ ಕಾದಿದ್ದಳು.

"ಚೌಳಹಿರಿಯೂರಲ್ಲಿ ಯಾರಿದಾರ್ರೀ?"

ಈರಭದ್ರ ಬೆಚ್ಚಿದ. "ಈಗ ಕೇಳ್ಬೇಡಿ. ಸ್ವಲ್ಪ ದಿನ ಬಿಟ್ಟು ನಾನೇ ಹೇಳ್ತೀನಿ."

"ಓಹೋ! ನಮ್ಮ ಕಾರು, ನಿಮ್ಮ ಸರಸ! ನಾಳೆಯಿಂದ ಬರ್ಬೇಡಿ. ಕೀ ಅಲ್ಲಿಟ್ಟು ಹೋಗಿ!"

ಅವನು ಅವಳನ್ನೇ ನೋಡಿದ. ಮೊದಲ ಸಲ ಆ ಕಣ್ಣಲ್ಲೂ ಸಿಟ್ಟು ಮಿನುಗಿತು. "ನೀವು ಕುಳ್ಳಿಗೆ ಬೈದ್ರೆ ಸರಿ, ಬೈಸ್ಕೊಂಡೆ. ಇದಕ್ಕೆ ಮಾತ್ರ ಬೈಸ್ಕೊಳ್ಳಲ್ಲ," ಎಂದವನು ಕೀಯನ್ನು ಮೊಳೆಗೆ ತಗುಲಿಸಿ ಹೊರಟೇಬಿಟ್ಟ.

ಹೋಗಲಿ! ಹೋದರೆ ಯಾರಿಗೇನು ನಷ್ಟ?

ಆದರೆ ಮರುದಿನವಿಡೀ ಅವಳು ಏನನ್ನೋ ಹುಡುಕುವವಳಂತೆ ಶೆಡ್ಡಿಗೆ ಹೋಗಿ ಬಂದಳು. ಎಲ್ಲವೂ ಅದರದರ ಜಾಗದಲ್ಲಿತ್ತು. ಅವನೊಬ್ಬ ಇರಲಿಲ್ಲ. ಹಿಂದಿನ ಗೋಡೆಗೆ ಒರಗಿಸಿದ್ದ ಹೊಸ ಹಲಗೆಗಳು ಧೂಳು ಹಿಡಿದಿದ್ದವು.

"ಇದನ್ಯಾಕೆ ಹೊಡೀಲಿಲ್ಲ ಅವ್ರು?"

"ಹೊಡಿ ಅಂತ ನಾನೂ ಅಂದೆ," ಎಂದ ರೇವಣಪ್ಪ. "ಅದು ಅವರವ್ವನ ಜಾಗ, ನಾನು ಮುಟ್ಟಲ್ಲ ಅಂದ. ಜಾಗ ಸಾಲದೆ ಸೈಕಲ್ ರಿಮ್ಮು ತಂದು ತೊಲೆಗೆ ನೇತುಹಾಕಿ, ಹಗ್ಗ, ಬೆಲ್ಟು ಎಲ್ಲ ಅದಕ್ಕೆ ಸಿಕ್ಕಿಸ್ದ. ನೀನು ಒಂದು ದಿನ ತಲೆ ಎತ್ತಿ ನೋಡಿದ್ಯಾ?"

ಅವಳು ತಲೆ ಎತ್ತಿದಳು. ರಿಮ್ಮು ಕಂಡಿತು, ಆಮೇಲೆ ಕಣ್ಣು ಮಂಜಾಯಿತು. 'ಅಯ್ಯೋ... ಏನು ಮಾಡಿಬಿಟ್ಟೆ ನಾನು?'

ಅವಳು ಅಳುತ್ತಾ ನಿಂತಿದ್ದಾಗಲೇ ಬಾಗಿಲಲ್ಲಿ ನೆರಳು ಬಿತ್ತು.

ಈರಭದ್ರ! ಬಸ್ಸಿನ ಧೂಳೆಲ್ಲ ಮೈಮೇಲಿತ್ತು. ಒಂದು ಕೈಯಲ್ಲಿ ಹಣ್ಣಾಗಿ ಹಳದಿ ತಿರುಗಿದ ದಪ್ಪ ಸೌತೆಕಾಯಿ, ಇನ್ನೊಂದರಲ್ಲಿ ಎಳೆಯದು.

"ಕೆಲ್ಸಕ್ಕೆ ಬಂದಿಲ್ಲ. ಇದನ್ನ ಕೊಟ್ಟು ಹೋಗೋಣ ಅಂತ ಬಂದೆ," ಎಂದ. ಎಳೆಯದನ್ನು ಅವಳತ್ತ ಚಾಚಿದ. "ತಿನ್ನಿ. ಉಜ್ಜಬೇಡಿ."

ಅವಳು ತೆಗೆದುಕೊಂಡು ತುದಿಯನ್ನೇ ಕಚ್ಚಿದಳು.

ಕಹಿಯಿಲ್ಲ... ಅದೇ ತಂಪು, ಅದೇ ರುಚಿ.

"ಅವ್ವಂದು..." ಅವಳು ಮತ್ತೊಮ್ಮೆ ಕಚ್ಚಿದಳು. "ಎಲ್ಲಿ ಸಿಕ್ತು?"

"ಮೊದ್ಲು ಇದೇ ಬೀದೀಲಿ ಬಾಡಿಗೆಗಿದ್ರಲ್ಲ, ಅಂಜಿನಮ್ಮ ಅಂತ. ಊರು ಬಿಡುವಾಗ ನಿಮ್ಮವ್ವನ ಹತ್ರ ಬೀಜ ಇಸ್ಕೊಂಡಿದ್ರಂತೆ. ಬಾವಿ ಪಕ್ಕ ಬೆಳೆಸ್ಕೊಂಡಿದಾರೆ. ಬೀಜಕ್ಕೆ ಅಂತ ಒಂದು ಕಾಯಿ ಬಳ್ಳೀಲೇ ಬಿಟ್ಟಿದ್ರು. ಹಣ್ಣಾಯ್ತಾ ಅಂತ ನೋಡೋಕೆ ಹೋಗ್ತಿದ್ದೆ. ಆ ಅಜ್ಜೀಗೆ ಹಲ್ಲಿಲ್ಲ, ನಕ್ಕರೆ ನನಗೂ ನಗು ಬರುತ್ತೆ. ಅಷ್ಟೇ ಸರಸ."

"ಅವ್ರಿದ್ದಾರೆ ಅಂತ ನಿಮಗೆ ಹೇಳಿದ್ಯಾರು?"

"ಯಾರೂ ಹೇಳ್ಲಿಲ್ಲ. ಬಾಡಿಗೆ ಹೋದ ಕಡೆಯೆಲ್ಲ ಸೌತೆಕಾಯಿ ಇಸ್ಕೊಂಡು ಉಜ್ಜದೇನೇ ತಿಂದೆ. ಅಜ್ಜಂಪುರದ್ದು ಕಹಿ, ಕಡೂರಿಂದು ವಿಷ! ಚೌಳಹಿರಿಯೂರಲ್ಲಿ ಸಿಹಿ ಸಿಕ್ತು."

ಅವಳಿಗೆ ನಗು ಬಂತು. ಅಳುವೂ ಬಂತು. ಎರಡೂ ಒಟ್ಟಿಗೆ ಬಂದಾಗ ಹೆಣ್ಣು ಏನು ಮಾಡಬೇಕು? ಇವಳು ಬೈದಳು!

"ಹೇಳಬಾರ್ದಿತ್ತಾ? ಬಾಯಿಲ್ವಾ ನಿಮಗೆ?"

"ಹಣ್ಣಾಗೋ ಮೊದ್ಲೇ ಕೊಳೆತುಹೋಗಿದ್ರೆ? ನಿಮ್ಮವ್ವನ್ನ ಎರಡನೇ ಸಲ ಕಳ್ಕೊಂಡಂಗೆ ಆಗ್ತಿತ್ತು ನಿಮಗೆ. ನನ್ ಕೈಲಿ ನೋಡೋಕಾಗ್ತಿರ್ಲಿಲ್ಲ."

ಪಂಕಜಾಕ್ಷಿ ಹಿತ್ತಿಲಿಗೆ ಹೋಗಿ ಒಂದು ಪುಟ್ಟಿ ಸಗಣಿ ತಂದಿಟ್ಟಳು. ಹಣ್ಣು ಸೀಳಿ, ಬೀಜ ತೊಳೆದಳು. ಸಗಣಿಯೊಳಗೆ ಬೀಜ ಒತ್ತಿ ಉಂಡೆ ಮಾಡಿ ಒಂದನ್ನು ಅವನ ಕೈಗಿತ್ತು, "ಹೀಗೆ ಒತ್ತಿ," ಎಂದು ಅವನ ಕೈಮೇಲೆ ತನ್ನ ಕೈಯಿಟ್ಟು ಗೋಡೆಗೆ ತಟ್ಟಿದಳು.

ಗೋಡೆಯ ಮೇಲೆ ಅವನ ದಪ್ಪ ಬೆರಳುಗಳ ಗುರುತು ಮೂಡಿತು. ಅಂಚಿನಲ್ಲಿ ಇವಳವೂ ಇದ್ದವು. ಕೈ ಮಾತ್ರ ಇಬ್ಬರೂ ತೆಗೆಯಲಿಲ್ಲ.

"ಮಳೆ ಬಿದ್ದ ತಕ್ಷಣ ಒಡೆದು ಬಿತ್ತಬೇಕು," ಎಂದಳು. "ಗೋಡೆ ಮೇಲಿಟ್ಟು ನೋಡ್ತಾ ಕೂತಿದ್ದು ನನ್ನದೇ ತಪ್ಪು."

"ಅಲ್ಲೀತಂಕ ನಾನಿರ್ಲಾ, ಹೋಗ್ಲಾ?"

"ಹೋಗಿ ನೋಡಿ! ಕಾಲು ಮುರೀತೀನಿ!" ಅವಳ ಕೆನ್ನೆ ಕೆಂಪಾಗಿತ್ತು. "ಆದ್ರೆ ಇನ್ಮೇಲೆ ಹಂಡೆ ಒಲೆ ಹತ್ರ ಸುಳಿಯಕೂಡ್ದು. ಗೊತ್ತಾಯ್ತಾ?"

"ಸುಳಿಯಲ್ಲ," ಎಂದ ಅವನು ಮೆಲ್ಲಗೆ. "ಮತ್ತೆ ನನ್ ಸ್ನಾನಕ್ಕೆ ನೀರು ಯಾರು ಕಾಯಿಸ್ತಾರೆ?"

ಅವಳು ತಲೆ ತಗ್ಗಿಸಿದಳು. ಸಗಣಿ ಮೆತ್ತಿದ ಬೆರಳುಗಳು ಅವನ ಬೆರಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದವು.

"ನಾನಿಲ್ವಾ...?"